ಕಪಾಟಿನ ಬಾಗಿಲ ಅಂಕಪಟ್ಟಿ

ನೀವು ಯಾವತ್ತಾದ್ರೂ ಲೇಡೀಸ್ ಹಾಸ್ಟೆಲ್‌ನ ರೂಮ್ ನಂಬರ್ 214ಕ್ಕೆ ಬಂದರೆ ದಯವಿಟ್ಟು ಕಪಾಟಿನ ಬಾಗಿಲು ತೆಗೀಬೇಡಿ. ಒಣಗದ ಬಟ್ಟೆಯೆಲ್ಲ ಮೈಮೇಲೆ ಬೀಳುತ್ತೆ. ಅಷ್ಟಾದ ಮೇಲೂ ತೆಗೆದರೆ, ಬಾಗಿಲ ಒಳಮೈಗೆ ಒಂದು ಡ್ರಾಯಿಂಗ್ ಶೀಟ್ ಅಂಟಿಸಿರೋದು ಕಾಣುತ್ತೆ. ಮೊದಲನೇ ವರ್ಷ ಗ್ರಾಫಿಕ್ಸ್ ಕ್ಲಾಸಲ್ಲಿ ಹಾಳಾದ ಶೀಟು. ಅದರ ಹಿಂಬದಿಯಲ್ಲಿ ನಮ್ಮ ಅಂಕಪಟ್ಟಿ ಇದೆ. ಎಡಗಡೆ ಸಿನಿಮಾ, ಪುಸ್ತಕ, ಸೀರಿಯಲ್ಲು, ಹಾಡುಗಳ ಹೆಸರು. ಬಲಗಡೆ ಮೂರು ಕಾಲಮ್ಮು: ಬೆಂ., ಹಾ., ಗ. ಇಂಟರ್ನಲ್ಸ್ ಥರಾನೇ 50ಕ್ಕೆ ಅಂಕ.

ಬೆಂ. ಅಂದ್ರೆ ಬೆಂಗಳೂರು, ಹಾ. ಅಂದ್ರೆ ಹಾಸನ, ಗ. ಅಂದ್ರೆ ಗದಗ. ಹೆಸರು ಬರೆಯೋದು ಬೇಡ ಅಂತ ಮೂವರೂ ಸೇರಿ ತೀರ್ಮಾನ ಮಾಡಿದೀವಿ. ಹಾಸ್ಟೆಲ್‌ನಲ್ಲಿ ಹೇಗೂ ಹೆಸರಿಗಿಂತ ಊರೇ ಹೆಚ್ಚು ಚಲಾವಣೆಯಲ್ಲಿರುತ್ತೆ.

2024ರ ಮಳೆಗಾಲ ಮುಗಿಯೋ ಹೊತ್ತಿಗೆ ಸಿಇಟಿ ಸೀಟು ಹಿಡ್ಕೊಂಡು ಮಂಗಳೂರಿಗೆ ಬಂದಿಳಿದವರು ನಾವು. ಒಬ್ಬಳಿಗೂ ತುಳು ಬರಲ್ಲ. ಕುಚ್ಚಲಕ್ಕಿ ಅನ್ನ ನೋಡಿ ಇದಿನ್ನೂ ಬೆಂದಿಲ್ಲ ಅಂದುಕೊಂಡವರು. ಬಸ್ಸಲ್ಲಿ ಕಂಡಕ್ಟರು "ದುಂಬು ಪೋಲೆ" ಅಂದಾಗ ಟಿಕೆಟ್ ಕೇಳ್ತಿದಾರೆ ಅಂತ ದುಡ್ಡು ಚಾಚಿದವರು. ಅದರ ಅರ್ಥ "ಮುಂದೆ ಹೋಗಿ" ಅಂತ ತಿಳಿಯೋಕೆ ಒಂದು ವಾರ ಹಿಡೀತು. ಅಷ್ಟೂ ದಿನ ಬಾಗಿಲಲ್ಲೇ ನಿಂತಿದ್ವಿ. ಮೂವರ ಹತ್ತಿರ ಒಟ್ಟು ಇದ್ದದ್ದು ಒಂದು ಒಳ್ಳೆ ಲ್ಯಾಪ್‌ಟಾಪು, ಒಂದು ಕೆಟ್ಟ ವೈಫೈ, ಮತ್ತೆ ಎಲ್ಲದರ ಬಗ್ಗೆಯೂ ಒಂದೊಂದು ಅಭಿಪ್ರಾಯ. ಹಾಗಾಗಿ ಬಂದ ಎರಡನೇ ವಾರವೇ ಶೀಟು ಬಾಗಿಲಿಗೆ ಅಂಟ್ಕೊಳ್ತು.

ಇದನ್ನ ಟೈಪ್ ಮಾಡ್ತಿರೋದು ಬೆಂಗಳೂರು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಮ್ಮು. ಕನ್ನಡ ಮಾತಾಡೋದು ಸಲೀಸು, ಓದೋದು ಬಸ್ಸಿನ ಬೋರ್ಡಿನಷ್ಟು, ಬರೆಯೋದು ಪರೀಕ್ಷೆಗೆ ಬೇಕಾದಷ್ಟು. ಆದ್ರೆ ಬರಹ ಮೂವರದ್ದು. ಒಬ್ಬಳು ಟೈಪ್ ಮಾಡ್ತಾಳೆ, ಒಬ್ಬಳು ಹಾಗಲ್ಲ ಅಂತಾಳೆ, ಇನ್ನೊಬ್ಬಳು ಒತ್ತಕ್ಷರ ತಿದ್ದುತ್ತಾಳೆ.

ಪಟ್ಟಿಯ ಮೊದಲ ಸಾಲು 'ಗರುಡ ಗಮನ ವೃಷಭ ವಾಹನ'. 2021ರ ಸಿನಿಮಾ, ಹೊಸದೇನಲ್ಲ. ಆದ್ರೆ ನಮಗೆ ಅದು ಊರಿನ ಗೈಡು. ಮಂಗಳೂರು ಹೇಗಿರುತ್ತೆ ಅಂತ ತಿಳ್ಕೊಳ್ಳೋಕೆ ಬೆಂಗಳೂರು ಬರೋಕೆ ಮುಂಚೆ ಅದನ್ನ ನೋಡಿದ್ದಳು, ದುರದೃಷ್ಟಕ್ಕೆ ಅಪ್ಪನ ಜೊತೆ. ಕೊಲೆ ಮಾಡಿ ಬಂದವನು ಮಳೆಯಲ್ಲಿ ಹುಲಿ ಕುಣಿತ ಕುಣಿಯೋದನ್ನ ನೋಡಿದ ಅಪ್ಪ, ಬೇರೆ ಊರಲ್ಲಿ ಸೀಟು ಸಿಗಲ್ವಾ ಅಂತ ಕೇಳಿದ್ರು. ನಾವು ಬಂದ ಮೊದಲ ಭಾನುವಾರವೇ ಮಂಗಳಾದೇವಿಗೆ ಹೋದ್ವಿ. ಹೂ ಮಾರೋರು, ದೇವಸ್ಥಾನದ ಮುಂದೆ ಚಪ್ಪಲಿ ಬಿಡೋ ಜನ, ಐಸ್‌ಕ್ರೀಮ್ ತಿನ್ನೋ ಮಕ್ಕಳು. ಶಿವನೂ ಕಾಣಲಿಲ್ಲ, ಹರಿಯೂ ಕಾಣಲಿಲ್ಲ. ಸ್ವಲ್ಪ ನಿರಾಸೆ ಆಗಿದ್ದು ನಿಜ.

ನಮ್ಮ ಅಭಿಪ್ರಾಯ: ಆ ಕುಣಿತದ ಹಿಂದೆ 'ಸೋಜುಗಾದ ಸೂಜು ಮಲ್ಲಿಗೆ' ಹಾಕಿದ್ದು ಈಚಿನ ಕನ್ನಡ ಸಿನಿಮಾದ ಅತಿ ಧೈರ್ಯದ ಕೆಲಸ. ಮಲೆ ಮಹದೇಶ್ವರನ ಭಕ್ತರು ಹಾಡೋ ಜನಪದ ಹಾಡು, ಕರಾವಳಿಯ ಮಳೆಯಲ್ಲಿ, ಕೊಲೆಗಾರನ ಕಾಲಿಗೆ. ಸೇರಲೇಬಾರದು, ಸೇರಿಬಿಟ್ಟಿದೆ. ಆದ್ರೆ ಇಡೀ ಸಿನಿಮಾದಲ್ಲಿ ಹೇಳಿಕೊಳ್ಳುವಂಥ ಒಂದು ಹೆಣ್ಣಿನ ಪಾತ್ರ ಇಲ್ಲ. ಇಷ್ಟು ದೊಡ್ಡ ಊರಲ್ಲಿ ಹೆಂಗಸರು ಎಲ್ಲಿಗೆ ಹೋಗಿದ್ರು? ಬೆಂ. 44, ಹಾ. 40, ಗ. 42.

ಎರಡನೇ ಸಾಲು 'ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ'. 2023ರದ್ದು. ಅದನ್ನ ಹಾಸ್ಟೆಲ್‌ನಲ್ಲೇ ಕೂತು ನೋಡಬೇಕು, ಅದೂ ಲೈಟ್ ಆಫ್ ಮಾಡಿ ಅಂತ ವಾರ್ಡನ್ ಹೇಳಿದ ಮೇಲೆ. ಕ್ಯಾಮೆರಾ ಒಂದು ಕಡೆ ನಿಲ್ಲಲ್ಲ, ಮಾತು ಒಂದು ಕ್ಷಣ ನಿಲ್ಲಲ್ಲ, ಆ ಗಲಾಟೆ ಮಾತ್ರ ಪಕ್ಕಾ ಹಾಸ್ಟೆಲ್ ಗಲಾಟೆ. ನಡುವೆ ಹಾಸನ ಒಂದು ಪ್ರಶ್ನೆ ಕೇಳಿದಳು: "ಇದನ್ನೇ ಹುಡುಗೀರ ಹಾಸ್ಟೆಲ್‌ನಲ್ಲಿ ತೆಗೆದಿದ್ರೆ ಏನಾಗ್ತಿತ್ತು ಕಣೆ?" ಎಂಟೂವರೆಗೆ ಗೇಟು ಹಾಕ್ತಾರೆ, ಒಂಬತ್ತಕ್ಕೆ ಅಟೆಂಡೆನ್ಸು, ಕತೆ ಹತ್ತು ನಿಮಿಷಕ್ಕೆ ಮುಗೀತಿತ್ತು. ಬೆಂ. 38, ಹಾ. 44, ಗ. 41.

ಆಮೇಲೆ 'ಸಪ್ತ ಸಾಗರದಾಚೆ ಎಲ್ಲೋ'. ಮೊದಲ ಸೆಮ್ಮಿನ ಚಳಿಗಾಲ ಪೂರ್ತಿ ನಮ್ಮ ರೂಮಲ್ಲಿ ಚರಣ್ ರಾಜ್ ಸಂಗೀತ ಒಂದೇ. ಮಂಗಳೂರಲ್ಲಿ ಚಳಿಗಾಲ ಇಲ್ಲ ಅನ್ನೋದು ಬೇರೆ ಮಾತು. ಸಮುದ್ರದ ಪಕ್ಕ ಒಂದು ಮನೆ ಬೇಕು ಅನ್ನೋ ಪ್ರಿಯಾ, ಆ ಮನೆಗೋಸ್ಕರ ಬೇರೆಯವರ ತಪ್ಪನ್ನ ಹೊತ್ಕೊಂಡು ಜೈಲಿಗೆ ಹೋಗೋ ಮನು. ನಾವು ಸೈಡ್ ಎ ನೋಡಿ ಅತ್ತು, ಮಾರನೇ ದಿನ ಸಮುದ್ರ ನೋಡೋಕೆ ಹೋಗಿ, ಉಪ್ಪು ಗಾಳಿಗೆ ಕೂದಲು ಅಂಟಾಗಿ, ಮೀನಿನ ವಾಸನೆ ತಡೀಲಾರದೆ ವಾಪಸ್ ಬಂದ್ವಿ. ಆ ಸಿನಿಮಾದ ಹೆಸರು ಗೋಪಾಲಕೃಷ್ಣ ಅಡಿಗರ ಪದ್ಯದ ಸಾಲಿನಿಂದ ಬಂದದ್ದು ಅಂತ ನಮಗೆ ಹೇಳಿದ್ದು ಗದಗ. "ಹೌದಾ, ನಿಂಗೆ ಹೇಗೆ ಗೊತ್ತು?" ಅಂತ ಬೆಂಗಳೂರು ಕೇಳಿದಳು. ಗದಗ ಇಂಗ್ಲಿಷಲ್ಲಿ "ಸ್ಕೂಲ್" ಅಂದು ಸುಮ್ಮನಾದಳು. ಈ ಉತ್ತರವನ್ನ ನೆನಪಿಟ್ಕೊಳ್ಳಿ. ಸೈಡ್ ಎ: ಬೆಂ. 48, ಹಾ. 46, ಗ. 47. ಸೈಡ್ ಬಿ: ಬೆಂ. 40, ಹಾ. 44, ಗ. 42.

ಟೀವಿ ವಿಷಯಕ್ಕೆ ಬಂದ್ರೆ, ನಾವು ಸೀರಿಯಲ್ ನೋಡದವರು ಅಂತ ಜಂಬ ಇತ್ತು. ಮೆಸ್ಸಿನ ಗೋಡೆಯಲ್ಲಿ ಒಂದು ಸಣ್ಣ ಟೀವಿ ಇದೆ. ಅದರ ರಿಮೋಟು ಮೆಸ್ಸಿನ ಅಕ್ಕನ ಸೊಂಟದಲ್ಲಿರುತ್ತೆ. ಸಂಜೆ 'ಪುಟ್ಟಕ್ಕನ ಮಕ್ಕಳು' ಬಂದ್ರೆ ಸಾರು ಬಡಿಸೋ ಸೌಟು ಗಾಳಿಯಲ್ಲೇ ನಿಲ್ಲುತ್ತಿತ್ತು. ಮೊದಮೊದಲು ಹಸಿವಲ್ಲಿ ಬೈಕೊಂಡ್ವಿ. ಆಮೇಲೆ ಗಮನಿಸಿದ್ವಿ: ಅಲ್ಲಿ ಉಮಾಶ್ರೀ ಮಾಡೋ ಪುಟ್ಟಕ್ಕನೂ ಮೆಸ್ಸೇ ನಡೆಸೋದು. ಒಬ್ಬ ಹೆಂಗಸು ಮೂರು ಹೆಣ್ಣುಮಕ್ಕಳನ್ನ ಸಾಕೋಕೆ ಊರಿಗೆಲ್ಲ ಅನ್ನ ಹಾಕ್ತಾಳೆ, ಅದನ್ನ ನಮ್ಮೂರಿಗೆಲ್ಲ ಅನ್ನ ಹಾಕೋ ಇನ್ನೊಬ್ಬ ಹೆಂಗಸು ನಿಂತು ನೋಡ್ತಿದಾಳೆ. ಕತೆಯನ್ನ ಎಷ್ಟು ಎಳೀತಾರೆ ಅನ್ನೋ ನಮ್ಮ ತಕರಾರು ಹಾಗೇ ಇದೆ. ಆದ್ರೆ ಸೀರಿಯಲ್ ಯಾರು ನೋಡ್ತಾರೆ ಅಂತ ಮತ್ತೆ ಕೇಳಲಿಲ್ಲ. ಬೆಂ. 22, ಹಾ. 30, ಗ. 26.

ಫೆಬ್ರವರಿಯಲ್ಲಿ ಕ್ಲಾಸ್‌ಮೇಟ್ ಒಬ್ಬಳು ಅವರ ಮನೆಯ ನೇಮಕ್ಕೆ ಕರೆದಳು. 'ಕಾಂತಾರ' ನೋಡಿದ್ವಲ್ಲ, ಎಲ್ಲ ಗೊತ್ತು ಅನ್ನೋ ಹುಮ್ಮಸ್ಸಲ್ಲಿ ಹೋದ್ವಿ. ಅಲ್ಲಿ ಗೊತ್ತಾದದ್ದು, ನಮಗೆ ಗೊತ್ತಿದ್ದದ್ದು ಕೊನೆಯ ಇಪ್ಪತ್ತು ನಿಮಿಷ ಮಾತ್ರ. ನಿಜವಾದ ನೇಮ ರಾತ್ರಿಯಿಡೀ ನಡೆಯುತ್ತೆ. ಮುಖಕ್ಕೆ ಬಣ್ಣ ಹಚ್ಚೋಕೆ ಎಷ್ಟೋ ಹೊತ್ತು. ಪಾಡ್ದನ ಹೇಳೋ ಧ್ವನಿ ಅವಸರ ಮಾಡಲ್ಲ. ಮಕ್ಕಳು ಚಾಪೆ ಮೇಲೆ ನಿದ್ದೆ ಮಾಡ್ತಿರ್ತವೆ, ಅಜ್ಜಂದಿರು ಕಾಫಿ ಕುಡೀತಾರೆ. ದೈವ ಎದ್ದು ನಿಂತಾಗ ಯಾರೂ ಶಿಳ್ಳೆ ಹಾಕಲ್ಲ. ಎಲ್ಲರೂ ಎದ್ದು ಕೈ ಮುಗಿದು ನಿಲ್ತಾರೆ, ಅಷ್ಟೆ. ಆಮೇಲೆ ಒಬ್ಬೊಬ್ಬರೇ ಹೋಗಿ ತಮ್ಮ ಮನೆಯ ಕಷ್ಟ ಹೇಳ್ತಾರೆ, ಜಾಗದ ತಕರಾರು, ಮಗನ ಕೆಲಸ, ಹೀಗೆ. ಅದನ್ನ ಕೇಳಿಸಿಕೊಳ್ಳುತ್ತೆ. ಬೆಂಗಳೂರು ಮೊಬೈಲ್ ಎತ್ತಿದಳು, ಸುತ್ತ ಯಾರೂ ಎತ್ತಿರಲಿಲ್ಲ, ಇಳಿಸಿದಳು. ಅದಕ್ಕೆ ಅಂಕ ಹಾಕಲಿಲ್ಲ. ಹಾಕಬೇಕು ಅಂತ ಯಾರಿಗೂ ಅನ್ನಿಸಲಿಲ್ಲ.

ಈಗ ನಾಚಿಕೆಯ ಭಾಗ. ಎರಡಿದೆ. ಸಣ್ಣದು ಮೊದಲು.

2025ರ ಮೇ 20ರ ರಾತ್ರಿ ಲಂಡನ್‌ನಲ್ಲಿ ಬಾನು ಮುಷ್ತಾಕ್ ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಬಂತು. ಕನ್ನಡದ ಪುಸ್ತಕಕ್ಕೆ ಅದು ಮೊದಲ ಸಲ, ಸಣ್ಣ ಕತೆಗಳ ಸಂಕಲನಕ್ಕೂ ಮೊದಲ ಸಲ. ಬೆಳಗ್ಗೆ ಎದ್ದವರೇ ಮೂವರೂ ಇನ್‌ಸ್ಟಾದಲ್ಲಿ ಸ್ಟೋರಿ ಹಾಕಿದ್ವಿ. ಹಳದಿ ಕೆಂಪು ಹಾರ್ಟು, ಸಿರಿಗನ್ನಡಂ ಗೆಲ್ಗೆ, ಎಲ್ಲ. ಮಧ್ಯಾಹ್ನ ಮೆಸ್ಸಿನಲ್ಲಿ ಸೀನಿಯರ್ ಒಬ್ಬರು ಬಂದು ಖುಷಿಯಿಂದ ಕೇಳಿದ್ರು: "ಅದರಲ್ಲಿ ಯಾವ ಕತೆ ನಿಮಗೆ ಇಷ್ಟ?" ಮೂವರೂ ತಟ್ಟೆ ನೋಡಿದ್ವಿ. ಒಂದು ಪುಟ ಕೂಡ ಓದಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಪೆಚ್ಚಾದವಳು ಹಾಸನ. ಬಾನು ಮುಷ್ತಾಕ್ ಹಾಸನದವರು, ಅಲ್ಲೇ ಲಾಯರು. ಹದಿನೆಂಟು ವರ್ಷ ಒಂದೇ ಊರಲ್ಲಿದ್ದು ಅವರು ಬರೀತಾರೆ ಅಂತ ಇವಳಿಗೆ ಗೊತ್ತಾಗಿದ್ದು ಲಂಡನ್ನಿನಿಂದ.

ಇಂಗ್ಲಿಷ್ ಪುಸ್ತಕ ತರಿಸಿದ್ವಿ. ಬೆಂಗಳೂರು ಎರಡು ಕತೆ ಓದಿ ಪಕ್ಕಕ್ಕಿಟ್ಟಳು. ಅವಳ ದೂರು: ಕನ್ನಡ, ಉರ್ದು ಪದಗಳನ್ನ ಹಾಗೇ ಬಿಟ್ಟಿದಾರೆ, ಓರೆ ಅಕ್ಷರ ಇಲ್ಲ, ಅಡಿಟಿಪ್ಪಣಿ ಇಲ್ಲ, ಓದೋರಿಗೆ ಹೇಗೆ ತಿಳಿಯುತ್ತೆ? ಹಾಸನ ತಕ್ಷಣ ಅಂದಳು: "ದುಂಬು ಪೋಲೆಗೆ ನಿಂಗೆ ಯಾರು ಅಡಿಟಿಪ್ಪಣಿ ಕೊಟ್ರೇ? ಬಾಗಿಲಲ್ಲಿ ನಿಂತು ನಿಂತು ಕಲಿತ್ಯಲ್ಲ." ಪುಸ್ತಕ ಆದ್ರೂ ಕಪಾಟು ಸೇರ್ತು.

ಈಗ ದೊಡ್ಡದು.

ಜುಲೈ ಕೊನೆಗೆ 'ಸು ಫ್ರಮ್ ಸೋ' ಬಂತು. ಜೆ.ಪಿ. ತುಮಿನಾಡ್ ಬರೆದು, ನಿರ್ದೇಶಿಸಿ, ನಟಿಸಿದ ಸಿನಿಮಾ. ಊರಿಗೆ ಊರೇ ಅದನ್ನೇ ಮಾತಾಡ್ತಿತ್ತು, ನಮಗೆ ಟಿಕೆಟ್ ಸಿಕ್ಕಿದ್ದು ಎರಡನೇ ವಾರ, ಮಧ್ಯಾಹ್ನದ ಶೋ. ಮಳೆಯಲ್ಲಿ ನೆಂದು ಹೋಗಿ ಕೂತ್ವಿ. ಆಗ ನಮಗೊಂದು ವಿಚಿತ್ರ ಅನುಭವ ಆಯ್ತು. ಇಡೀ ಥಿಯೇಟರ್ ನಗುತ್ತೆ, ಎರಡು ಸೆಕೆಂಡ್ ಬಿಟ್ಟು ನಾವು ನಗ್ತೀವಿ. ಕೆಲವು ಸಲ ಜನ ನಗ್ತಾರೆ ಅಂತ ನಗ್ತೀವಿ. ಕನ್ನಡ ಸಿನಿಮಾದಲ್ಲಿ ಬೆಂಗಳೂರಿನವಳಿಗೆ ಸಬ್‌ಟೈಟಲ್ ಬೇಕು ಅನ್ನಿಸಿದ್ದು ಅದೇ ಮೊದಲು. ಸಿನಿಮಾ ಕನ್ನಡ ಅಂದ್ರೆ ತನ್ನ ಕನ್ನಡವೇ ಅಂತ ಅವಳು ಯಾವತ್ತೂ ಯೋಚನೆ ಮಾಡದೇ ನಂಬಿದ್ದಳು.

ಸಿನಿಮಾ ಬಗ್ಗೆ ನಮ್ಮ ಅಭಿಪ್ರಾಯ ಹೇಳಲೇಬೇಕು. ಸ್ನಾನದ ಮನೆಗೆ ಇಣುಕಿ ಸಿಕ್ಕಿಬಿದ್ದ ಹುಡುಗ, ತಪ್ಪಿಸಿಕೊಳ್ಳೋಕೆ ಮೈಮೇಲೆ ದೆವ್ವ ಬಂದಂಗೆ ಆಡ್ತಾನೆ. ಊರು ಅದನ್ನ ಸೋಮೇಶ್ವರದ ಸುಲೋಚನ ಅಂತ ನಂಬುತ್ತೆ. ಅರ್ಧ ಸಿನಿಮಾ ಆ ಹೆಸರಿಗೆ ನಾವು ಹೊಟ್ಟೆ ಹಿಡ್ಕೊಂಡು ನಗ್ತೀವಿ. ಆಮೇಲೆ ಆ ಹೆಸರಿಗೆ ಒಂದು ಮನೆ ಇದೆ, ಒಬ್ಬಳು ಮಗಳಿದಾಳೆ, ಅವಳಿಗೊಂದು ಸಂಕಟ ಇದೆ ಅಂತ ಗೊತ್ತಾಗುತ್ತೆ. ಅಲ್ಲಿ ಥಿಯೇಟರಿನ ನಗು ನಿಧಾನಕ್ಕೆ ಇಳೀತು. ಆ ಇಳಿಜಾರನ್ನ ಕಟ್ಟಿರೋದೇ ಸಿನಿಮಾದ ಜಾಣತನ. ಆದ್ರೆ ಆ ಇಣುಕಿದ ತಪ್ಪನ್ನ ಬರೀ ತಮಾಷೆಯಾಗಿ ದಾಟಿಬಿಡ್ತಾರೆ, ಅದು ನಮಗೆ ಒಗ್ಗಲಿಲ್ಲ. ಬೆಂ. 45, ಹಾ. 47, ಗ. 46.

ಮುಂದಿನ ಒಂದು ವಾರ ನಮ್ಮ ರೂಮಲ್ಲಿ ಬರೀ ಮಂಗಳೂರು ಕನ್ನಡ. ಇಲ್ಲಿಂದ ಸ್ವಲ್ಪ ದೂರದವರೆಗೆ 'ನಾವು' ಅಂದ್ರೆ ಇಬ್ಬರು: ಬೆಂಗಳೂರು, ಹಾಸನ. ಎಂತ ಮಾರಾಯ್ತಿ, ಉಂಟಾ, ಇಲ್ವಾ, ಹೋಗುವನಾ, ಎಲ್ಲ ರಾಗ ಎಳೆದು. ಒಂದು ರಾತ್ರಿ ಮೆಸ್ಸಿನಲ್ಲಿ ಅದೇ ರಾಗದಲ್ಲಿ "ಅಕ್ಕಾ, ಸಾರು ಉಂಟಾ" ಅಂತ ಕೇಳಿ ಇಬ್ಬರೂ ಕಿಸಕ್ ಅಂತ ನಕ್ವಿ. ಅಕ್ಕ ಸಾರು ಬಡಿಸಿದ್ರು. ಕೋಪ ಏನೂ ಇರಲಿಲ್ಲ. "ಉಂಟು. ಆದ್ರೆ ನೀವು ಹೇಳುವಾಗ ನಗಾಡ್ತೀರಲ್ಲ, ಅದು ಎಂತಕ್ಕೆ?" ಅಂದ್ರು. ನಿಜವಾಗಿ ತಿಳ್ಕೊಳ್ಳೋಕೆ ಕೇಳಿದಂಗೆ ಕೇಳಿದ್ರು, ಅದಕ್ಕೇ ಉತ್ತರ ಹೊಳೀಲಿಲ್ಲ.

ರೂಮಿಗೆ ಬಂದು ಬಾಗಿಲು ಹಾಕಿದ ಮೇಲೆ ಗದಗ ಮಾತಾಡಿದಳು. ಹತ್ತು ತಿಂಗಳಲ್ಲಿ ಮೊದಲ ಸಲ ಅವಳದ್ದೇ ಕನ್ನಡದಲ್ಲಿ.

"ಆಕಿ ಕೇಳಿದ್ಲಂತ ನಿಮಗ ಈಗ ಬ್ಯಾಸರ ಆತು. ನನಗ ನಕ್ಕಾಗ ಏನೂ ಅನಸಲಿಲ್ಲೇನು?"

ನಮಗೆ ಮೊದಲು ಅರ್ಥವೇ ಆಗಲಿಲ್ಲ. ಅವಳೇ ಒಂದೊಂದಾಗಿ ನೆನಪಿಸಿದಳು. ಮೊದಲ ವಾರ ಕ್ಲಾಸಲ್ಲಿ ಪರಿಚಯ ಹೇಳುವಾಗ ಅವಳು "ಹೌದ್ರಿ" ಅಂದಿದ್ದಕ್ಕೆ ಹಿಂದಿನ ಬೆಂಚುಗಳು ನಕ್ಕಿದ್ದು. ಆ ಬೆಂಚಲ್ಲಿ ನಾವೂ ಇದ್ದದ್ದು. ಆಮೇಲೆ ಹದಿನೈದು ದಿನ ಅವಳನ್ನ "ರೀ" ಅಂತ ಕರೆದದ್ದು. ಉತ್ತರ ಕರ್ನಾಟಕದ ಭಾಷೆಯ ಯಾವುದೋ ಕಾಮಿಡಿ ರೀಲು ಬಂದ್ರೆ ಬೆಂಗಳೂರು ತಪ್ಪದೇ ಅವಳಿಗೆ ಕಳಿಸಿ "ನೀನೇ ಇದು" ಅಂತ ಬರೀತಿದ್ದದ್ದು. ಅವಳು ನಗೋ ಇಮೋಜಿ ವಾಪಸ್ ಹಾಕ್ತಿದ್ದಳು. ನಾವು ಅವಳಿಗೂ ಮಜಾ ಬರ್ತಿದೆ ಅಂದ್ಕೊಂಡಿದ್ವಿ.

ಆಗ ಎಷ್ಟೋ ವಿಷಯ ಒಟ್ಟಿಗೆ ತಿಳೀತು. ಅವಳು ಅಕ್ಟೋಬರ್‌ನಿಂದಲೇ ರೂಮಲ್ಲೂ ಇಂಗ್ಲಿಷ್ ಮಾತಾಡೋಕೆ ಶುರು ಮಾಡಿದ್ದು, ಪ್ಲೇಸ್‌ಮೆಂಟಿಗೆ ಪ್ರ್ಯಾಕ್ಟೀಸ್ ಅಂದಿದ್ದು. ಅವ್ವನಿಗೆ ಫೋನ್ ಮಾಡೋಕೆ ರಾತ್ರಿ ಟೆರೇಸಿಗೆ ಹೋಗ್ತಿದ್ದದ್ದು, ಮಳೆ ಇದ್ರೂ ಕೊಡೆ ಹಿಡ್ಕೊಂಡು. ನಾವು ಅದು ನೆಟ್‌ವರ್ಕಿಗೆ ಅಂದುಕೊಂಡಿದ್ವಿ. ನಮ್ಮ ರೂಮಲ್ಲಿ ನೆಟ್‌ವರ್ಕು ಯಾವಾಗ್ಲೂ ಚೆನ್ನಾಗೇ ಇತ್ತು.

ಆ ರಾತ್ರಿ ಸರಿಯಾಗಿ ಸಾರಿ ಕೇಳೋಕೂ ಬರಲಿಲ್ಲ ನಮಗೆ. ಬೆಂಗಳೂರು ಬಟ್ಟೆ ತಗೋಳೋಕೆ ಅಂತ ಕಪಾಟು ತೆಗೆದಳು, ಹಾಗೇ ನಿಂತಳು. ಶೀಟನ್ನ ನೋಡ್ತಾ ನಿಂತಳು. 44, 40, 42. 38, 44, 41. 48, 46, 47. 40, 44, 42. 22, 30, 26. 45, 47, 46. ಪ್ರತಿ ಸಾಲಲ್ಲೂ ಗ. ಕಾಲಮ್ಮಿನಲ್ಲಿ ಇದ್ದದ್ದು ನಮ್ಮಿಬ್ಬರ ಸರಾಸರಿ. ಮೂವರೂ ಇಂಜಿನಿಯರಿಂಗ್ ಓದ್ತೀವಿ. ದಿನಾ ಎರಡು ಸಲ ಆ ಬಾಗಿಲು ತೆಗೀತೀವಿ. ಹತ್ತು ತಿಂಗಳು ಕಾಣಲಿಲ್ಲ.

"ನಿಂಗೆ ನಿಜವಾಗ್ಲೂ ಯಾವುದು ಇಷ್ಟ ಆಯ್ತು?" ಅಂತ ಹಾಸನ ಕೇಳಿದಳು.

"ಈಗ ಬ್ಯಾಡ. ನಿದ್ದಿ ಬಂದೇತಿ" ಅಂದಳು ಗದಗ.

ಆಗಸ್ಟ್ ರಜೆಗೆ ಮೂವರೂ ಊರಿಗೆ ಹೋದ್ವಿ. ವಾಪಸ್ ಬರುವಾಗ ಹಾಸನ, ಬಾನು ಮುಷ್ತಾಕ್ ಅವರ ಕನ್ನಡ ಕತೆಗಳ ಪುಸ್ತಕ ತಂದಳು. ಗದಗ ಎಂದಿನಂತೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಬೆಂಗಳೂರು ಏನೂ ತರಲಿಲ್ಲ, ಆದ್ರೆ ಒಂದು ಭಾನುವಾರ ತಾನೇ ಪುಸ್ತಕ ಎತ್ತಿಕೊಂಡು, "ನಾನು ಜೋರಾಗಿ ಓದ್ತೀನಿ, ತಪ್ಪಿದ್ರೆ ಹೇಳು" ಅಂತ ಗದಗದ ಮಂಚದ ಮೇಲೆ ಕೂತಳು.

'ಎದೆಯ ಹಣತೆ' ಕತೆ. ಗಂಡ ಬೇರೆಯವಳ ಹಿಂದೆ ಹೋದ ಅಂತ ಕೂಸನ್ನ ಎತ್ತಿಕೊಂಡು ತವರಿಗೆ ಬರೋ ಮೆಹರುನ್. ನ್ಯಾಯ ಕೇಳಿ ಬಂದವಳನ್ನ ಅಣ್ಣಂದಿರೇ ವಾಪಸ್ ಬಿಟ್ಟು ಬರ್ತಾರೆ. ಬೆಂಗಳೂರು ಸಾಲಿನ ಕೆಳಗೆ ಬೆರಳಿಟ್ಟು, ಒಂದನೇ ಕ್ಲಾಸಿನ ಮಗು ಥರ ಓದಿದಳು. ಒತ್ತಕ್ಷರ ಬಂದಲ್ಲಿ ಎಡವಿದಳು. ಮಹಾಪ್ರಾಣಗಳನ್ನೆಲ್ಲ ಅಲ್ಪಪ್ರಾಣ ಮಾಡಿದಳು. ಒಂದು ಪುಟಕ್ಕೆ ಎಂಟು ನಿಮಿಷ ಆಯ್ತು. ಕಿವಿ ಕೆಂಪಗಾಗಿತ್ತು.

ಗದಗ ನಗಲಿಲ್ಲ. ನಗೋಕೆ ಅವಳಿಗೆ ಎಲ್ಲ ಕಾರಣವೂ ಇತ್ತು. "ಹಂಗಲ್ಲ, ಇದು ಹಿಂಗ" ಅಂತ ಮೆತ್ತಗೆ ಹೇಳ್ತಾ ಹೋದಳು. ಮೂರನೇ ಪುಟಕ್ಕೆ "ಕೊಡಿಲ್ಲಿ" ಅಂತ ತಾನೇ ಇಸಕೊಂಡು ಓದಿದಳು. ಅವಳು ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಮ್ಮು. ಆ "ಸ್ಕೂಲ್" ಅಂದ್ರೆ ಅದು. ಅವಳು ಓದೋದನ್ನ ನಾವು ಅವತ್ತೇ ಮೊದಲು ಕೇಳಿದ್ದು. ರಾತ್ರಿ ಸೀಮೆಎಣ್ಣೆ ಡಬ್ಬ ಹಿಡಿದ ಅಮ್ಮನ ಎದುರು ಮಗಳು ಸಲ್ಮಾ ಕೂಸನ್ನೆತ್ತಿಕೊಂಡು ಬಂದು ನಿಲ್ಲೋ ಜಾಗಕ್ಕೆ ಬಂದಾಗ ಅವಳ ಧ್ವನಿ ಒಂದು ಕ್ಷಣ ನಿಂತು, ಮುಂದೆ ಹೋಯ್ತು. ಇಂಗ್ಲಿಷಲ್ಲಿ ಬೆಂಗಳೂರು ಪುಟ ಹಾರಿಸ್ತಾ ಓದಿದ್ದಳು. ಜೋರಾಗಿ ಓದುವಾಗ ಹಾರಿಸೋಕೆ ಆಗಲ್ಲ.

ಆಮೇಲೆ ಹಾಸನ ತುಂಬಾ ಹೊತ್ತಿನ ನಂತರ ಹೇಳಿದಳು: ಹೈಸ್ಕೂಲಲ್ಲಿ ಮೂರು ವರ್ಷ ಪಕ್ಕದಲ್ಲಿ ಕೂತ ಗೆಳತಿ ಮುಸ್ಲಿಂ. ಅವಳು ಇವಳ ಮನೆಗೆ ಹತ್ತು ಸಲ ಬಂದಿದಾಳೆ. ಇವಳು ಅವಳ ಮನೆಗೆ ಒಂದು ಸಲವೂ ಹೋಗಿಲ್ಲ. ಯಾರೂ ಬೇಡ ಅಂದಿರಲಿಲ್ಲ. ಹೋಗಬೇಕು ಅಂತ ಹೊಳೆದೇ ಇರಲಿಲ್ಲ. ಅವತ್ತು ರಾತ್ರಿ ಅವಳಿಗೆ ಮೆಸೇಜ್ ಮಾಡಿದಳು. ಉತ್ತರ ಬಂತು, ಏನಂತ ನಾವು ಕೇಳಲಿಲ್ಲ.

ಪುಸ್ತಕದ ಬಗ್ಗೆ ತಕರಾರೂ ಇದೆ. ಕೆಲವು ಕತೆಗಳಲ್ಲಿ ಮೊದಲ ಎರಡು ಪುಟದಲ್ಲೇ ಎಷ್ಟು ಜನ ಬರ್ತಾರೆ ಅಂದ್ರೆ ಕಾಗದದಲ್ಲಿ ವಂಶವೃಕ್ಷ ಬರ್ಕೊಂಡು ಕೂತ್ವಿ. ಕೆಲವು ಕಡೆ ಲೇಖಕಿಯ ಸಿಟ್ಟು ಪಾತ್ರಕ್ಕಿಂತ ಮುಂದೆ ಬಂದು ಮಾತಾಡುತ್ತೆ ಅಂತ ಹಾಸನ ಅಂದಳು. "ಸಿಟ್ಟು ಬಂದಾಗ ಮುಂದ ಬರಬೇಕಲ್ಲ, ಹಿಂದ ನಿಂತು ಏನ್ ಮಾಡ್ತಿ?" ಅಂದಳು ಗದಗ. ಆ ಜಗಳ ಇನ್ನೂ ಮುಗಿದಿಲ್ಲ. ಅವರ 'ಕರಿ ನಾಗರಗಳು' ಕತೆಯನ್ನ ಗಿರೀಶ್ ಕಾಸರವಳ್ಳಿ 2004ರಲ್ಲಿ 'ಹಸೀನಾ' ಅಂತ ಸಿನಿಮಾ ಮಾಡಿದಾರೆ, ತಾರಾ ಅವರಿಗೆ ಅದಕ್ಕೆ ರಾಷ್ಟ್ರಪ್ರಶಸ್ತಿ ಬಂದಿದೆ. ಈಗ ಅದನ್ನ ಹುಡುಕ್ತಾ ಇದೀವಿ.

ಆ ಭಾನುವಾರ ರಾತ್ರಿ ಗದಗ ಎದ್ದು ಹೋಗಿ, ಕಪಾಟು ತೆಗೆದು, ಕೆಂಪು ಪೆನ್ನಲ್ಲಿ ತನ್ನ ಕಾಲಮ್ಮು ತಿದ್ದಿದಳು. ನಾವು ಮಂಚದ ಮೇಲೆ ಕೂತು ರಿಸಲ್ಟ್ ದಿನದ ಥರ ಕಾದ್ವಿ. 'ಸಪ್ತ ಸಾಗರದಾಚೆ ಎಲ್ಲೋ' ಸೈಡ್ ಬಿ: 42 ಹೊಡೆದು 11. "ಜೈಲಿಂದ ಬಂದು ಆಕಿ ಹಿಂದ ಹಿಂದ ತಿರಗತಾನ. ಆಕಿಗೆ ಗೊತ್ತಿಲ್ದಂಗ ಆಕಿ ಸಂಸಾರದಾಗ ಕೈ ಹಾಕತಾನ. ಇದನ್ನ ಪ್ರೀತಿ ಅಂತ ನೀವು ಅತ್ರಿ. ನನ್ನ ಹಿಂದ ಒಬ್ಬಾಂವ ಹಂಗ ಬಂದ್ರ ಪೊಲೀಸ್ ಸ್ಟೇಷನ್ನಿಗೆ ಹೋಗ್ತೇನಿ." ನಾವು ಮಾತಾಡಲಿಲ್ಲ. ಅವಳು ಹೇಳಿದ್ದು ಸರಿ ಅನ್ನಿಸ್ತು. ಹಾಡು ಚೆನ್ನಾಗಿದ್ದಾಗ ನಾವು ಎಷ್ಟೊಂದನ್ನ ಮಾಫಿ ಮಾಡಿಬಿಡ್ತೀವಿ! 'ಪುಟ್ಟಕ್ಕನ ಮಕ್ಕಳು' 26ರಿಂದ 39ಕ್ಕೆ ಏರಿತು. "ನಮ್ಮವ್ವ ನೋಡ್ತಾಳ" ಅನ್ನೋದಷ್ಟೇ ಕಾರಣ, ಮೇಲ್ಮನವಿಗೆ ಅವಕಾಶ ಇಲ್ಲ. 'ಸು ಫ್ರಮ್ ಸೋ' 46ರಲ್ಲೇ ಉಳೀತು. ಅದು ಮಾತ್ರ ಸರಾಸರಿ ಅಲ್ವಂತೆ, ನಿಜಕ್ಕೂ ಇಷ್ಟ ಆಗಿತ್ತಂತೆ.

ಕೊನೆಯ ಸಾಲು ದಸರಾ ರಜೆಯದ್ದು. ಅಕ್ಟೋಬರ್ 2ಕ್ಕೆ ಬಂದ 'ಕಾಂತಾರ: ಅಧ್ಯಾಯ 1'ನ್ನ ಮೂವರೂ ಅವರವರ ಊರಲ್ಲಿ ನೋಡಿದ್ವಿ. ರೂಮಿಗೆ ಬಂದ ಮೇಲೆ ಹೋಲಿಸಿದ್ವಿ. ಯುದ್ಧ, ಕಾಡು, ಅರಮನೆ, ಎಲ್ಲ ಕಣ್ಣು ತುಂಬುತ್ತೆ. ಅಜನೀಶ್ ಲೋಕನಾಥ್ ಸಂಗೀತ ಎದೆಗೇ ಬಡಿಯುತ್ತೆ. ಆದ್ರೆ 2022ರ ಮೊದಲ ಸಿನಿಮಾದಲ್ಲಿ ಒಂದು ಹಳ್ಳಿಯ ಜಾಗದ ಜಗಳ ಇತ್ತು, ಆ ಹಳ್ಳಿಯ ಅಂಗಳದಲ್ಲಿ ಕೋಳಿ ಓಡಾಡ್ತಿತ್ತು. ಈ ಸಲ ಕತೆ ದೊಡ್ಡದಾದ ಹಾಗೆ ಅಂಗಳ ಕಾಣೆಯಾಯ್ತು. ಇನ್ನೊಂದು: ಮೂರೂ ಊರಲ್ಲಿ ದೈವದ ಕೂಗು ಬಂದ ಕೂಡಲೇ ಶಿಳ್ಳೆ. ಹಾಸನದ ಥಿಯೇಟರಲ್ಲಿ ಯಾರೋ ಒಬ್ಬ ಎದ್ದು ಅದನ್ನೇ ಅನುಕರಿಸಿದನಂತೆ. ದೈವವನ್ನ ಹಾಗೆ ಅನುಕರಿಸಬೇಡಿ ಅಂತ ಸಿನಿಮಾ ಮಾಡಿದವರೇ ಕೇಳಿಕೊಳ್ಳಬೇಕಾಯ್ತು. ಹಾಸನಕ್ಕೆ ಚಾಪೆ ಮೇಲೆ ಮಲಗಿದ್ದ ಮಕ್ಕಳು, ಕೈ ಮುಗಿದು ನಿಂತ ಅಜ್ಜಂದಿರು ನೆನಪಾದ್ರಂತೆ. ಒಂದು ವರ್ಷದ ಹಿಂದೆ ಆಗಿದ್ರೆ ಅವಳೂ ಶಿಳ್ಳೆ ಹಾಕ್ತಿದ್ದಳು. ಬೆಂ. 41, ಹಾ. 33, ಗ. 45. ಸರಾಸರಿಯ ಹತ್ತಿರವೂ ಇಲ್ಲ.

ಜೂನಿಯರ್ಸ್ ಯಾರಾದ್ರೂ ಇದನ್ನ ಓದ್ತಿದ್ರೆ, ನೋಡಬೇಕಾದ ಸಿನಿಮಾ ಪಟ್ಟಿ ಮೇಲೆ ಸಿಕ್ಕಿದೆ. ಅದರ ಜೊತೆ ಒಂದೇ ಮಾತು: ಹೊಸ ರೂಮಲ್ಲಿ ಎಲ್ಲರಿಗೂ ಎಲ್ಲವೂ ಒಂದೇ ಥರ ಇಷ್ಟ ಆಗ್ತಿದೆ ಅಂದ್ರೆ ಖುಷಿ ಪಡೋಕೆ ಮುಂಚೆ ಒಂದು ಸಲ ಲೆಕ್ಕ ಹಾಕಿ ನೋಡಿ. ಯಾರೋ ಒಬ್ಬರು ಸರಾಸರಿ ಬರೀತಿರಬಹುದು.

ಎಲ್ಲ ಸರಿಹೋಯ್ತು ಅಂತ ಹೇಳಿದ್ರೆ ಸುಳ್ಳಾಗುತ್ತೆ. ಗದಗ ಕ್ಲಾಸಲ್ಲಿ ಈಗಲೂ ಇಂಗ್ಲಿಷಲ್ಲೇ ಮಾತಾಡ್ತಾಳೆ. ಸೆಮಿನಾರ್ ಕೊಡುವಾಗ ಹಿಂದಿನ ಬೆಂಚುಗಳ ಕಡೆ ಒಂದು ಸಲ ನೋಡಿ ಶುರು ಮಾಡ್ತಾಳೆ. ಅದನ್ನ ತೆಗೆದುಹಾಕೋಕೆ ನಮ್ಮಿಂದ ಆಗಿಲ್ಲ. ಬೆಂಗಳೂರು ಪುಸ್ತಕದಲ್ಲಿ 63ನೇ ಪುಟದಲ್ಲಿದಾಳೆ, ಈಗ ಪುಟಕ್ಕೆ ಮೂರೂವರೆ ನಿಮಿಷ. ಮೆಸ್ಸಿನಲ್ಲಿ ಸಾರು ಉಂಟಾ ಅಂತ ಈಗಲೂ ಕೇಳ್ತೀವಿ, ಸಾರು ಬೇಕಾದಾಗ.

ಈ ಬರಹ ಮುಗಿಸೋ ಹೊತ್ತಿಗೆ ರಾತ್ರಿ ಹತ್ತು ಗಂಟೆ. ಹೊರಗೆ ಮಳೆ, ಈ ಊರಿಗೆ ಅದಕ್ಕೆ ತಿಂಗಳ ಲೆಕ್ಕ ಇಲ್ಲ. ಕೊಡೆ ಬಾಗಿಲ ಹಿಂದೆ ಒಣಗಿದೆ. ಗದಗ ಮಂಚದ ಮೇಲೆ ಕಾಲು ಚಾಚಿ ಅವ್ವನ ಜೊತೆ ಫೋನಲ್ಲಿದಾಳೆ. ಎಷ್ಟು ಜೋರಾಗಿ ಮಾತಾಡ್ತಿದಾಳೆ ಅಂದ್ರೆ ಈ ಕೊನೆಯ ಪ್ಯಾರಾ ಟೈಪ್ ಮಾಡೋಕೆ ಆಗ್ತಿಲ್ಲ. ಸ್ವಲ್ಪ ಮೆತ್ತಗೆ ಅಂತ ಹೇಳೋಣ ಅನ್ನಿಸ್ತು. ಹೇಳಲಿಲ್ಲ.